ಕೊಕ್ಕರೆಯ ಕಣ್ಣಿಗೆ ಬೀಳದ ಮನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕ್ಷೌರದಂಗಡಿಯ ಹಿತ್ತಲಿನ ಪುಟ್ಟ ಕೊಳದಲ್ಲಿ ತೊಡೆಮಟ್ಟದ ನೀರಿಗಿಳಿದ ಹೆಂಗಸೊಬ್ಬರು, ಕೆನ್ನೆ ನೀರಿಗೆ ತಾಗುವಷ್ಟು ಬಗ್ಗಿ ತಳ ತಡವುತ್ತಿದ್ದಾರೆ. ಕೊಳದ ಮೇಲೆ ಹಾಸಿದ ಬಲೆಯನ್ನು ಒಂದು ಪಕ್ಕಕ್ಕೆ ಸರಿಸಲಾಗಿದೆ. ತಳದಲ್ಲಿ ಮಲಗಿಸಿದ ಸಿಮೆಂಟ್ ಪೈಪನ್ನು ಎರಡೂ ಕೈಯಿಂದ ಹಿಡಿದು ಜಗ್ಗುತ್ತಾರೆ. ಅದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. "ಹಾಂ, ಇನ್ನು ಆನೆ ಬಂದು ಕೂತ್ರೂ ಸರಿ," ಎಂದು ಸೊಂಟ ಹಿಡಿದುಕೊಂಡು ಮೇಲೇಳುತ್ತಾರೆ. ಪೈಪು ಸುಮ್ಮನಿದ್ದರೂ ಸೊಂಟ ಲಟಕ್ ಅನ್ನುತ್ತದೆ.

ಬೀದಿಯವರಿಗೆಲ್ಲ ಇವರು ಪೈಪಕ್ಕ. ಹಗಲು ಪೈಪು ಎರಕ ಹೊಯ್ಯುವ ಕಾರ್ಖಾನೆಯಲ್ಲಿ ದುಡಿಮೆ. ಕಾರ್ಖಾನೆಯ ಗಂಟೆ ಬಾರಿಸುವ ಮೊದಲು, ಜನರ ಹಿತ್ತಲ ಕೊಳಗಳಲ್ಲಿ ಮೀನುಗಳಿಗೆ ಅಡಗುಮನೆ ಕಟ್ಟುವ ಕೆಲಸ. ಅಡುಗೆಮನೆಯಲ್ಲ, ಅಡಗುಮನೆ! ಕಾರ್ಖಾನೆ ಎಸೆಯುವ ಬಿರುಕು ಪೈಪು, ಮೂಲೆ ಮುರಿದ ಚಪ್ಪಡಿ, ಒಡೆದ ಹೂಕುಂಡ ಇವರ ಸಾಮಗ್ರಿ. ಸಾಗಿಸಲು ಗಂಡನ ಕೈಗಾಡಿ ಇದೆ. ಇಲ್ಲಿಯವರೆಗೆ ಮೂವತ್ತಕ್ಕೂ ಹೆಚ್ಚು ಕೊಳಗಳ ತಳದಲ್ಲಿ ಇವರ ಕೈಕೆಲಸ ಕೂತಿದೆ. ಅದನ್ನು ಕಣ್ಣಾರೆ ಕಂಡವರು ಮಾತ್ರ ವಿರಳ.

ಹೊಸ ಅಡಗುಮನೆಗೆ ಮೀನು ಒಗ್ಗಲೆಂದು ಹಾಸಿದ್ದ ಬಲೆಯನ್ನು ತೆಗೆಯುವ ದಿನ ಇವತ್ತು. ದಡದಲ್ಲಿ, ಹೆಗಲ ಮೇಲೆ ಬಿಳಿ ಟವೆಲ್ ಹಾಕಿಕೊಂಡ ಕ್ಷೌರಿಕರು ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ನಿಂತಿದ್ದಾರೆ. ಒಂದು ಕಾಲಕ್ಕೆ ಹದಿನಾಲ್ಕು ಮೀನುಗಳಿದ್ದ ಕೊಳದಲ್ಲಿ ಈಗ ಉಳಿದಿರುವುದು ಎರಡು. ಒಂದು ಮರಿ. ಇನ್ನೊಂದು ದೊಡ್ಡದು, ಕಿತ್ತಳೆ ಬಣ್ಣದ್ದು, ಕೊಕ್ಕಿನಿಂದ ತಪ್ಪಿಸಿಕೊಳ್ಳುವಾಗ ಬಾಲ ಹರಿದುಕೊಂಡದ್ದು. ಅದಕ್ಕೆ ಹರಕುಬಾಲ ಎಂದೇ ಹೆಸರು. ಇವೆರಡೂ ಹೋದರೆ ಕೊಳಕ್ಕೆ ಮಣ್ಣು ಮುಚ್ಚಿಸುವುದೆಂದು ಕ್ಷೌರಿಕರು ಆಗಲೇ ಹೇಳಿಬಿಟ್ಟಿದ್ದಾರೆ. "ಬೆರಳುದ್ದ ಇದ್ದಾಗಿಂದ ಸಾಕಿದ್ದೀನಿ. ಒಂದೊಂದಾಗಿ ಸಾಯೋದನ್ನ ನೋಡೋಕೆ ನನ್ನ ಕೈಲಾಗಲ್ಲ," ಎನ್ನುತ್ತಾರೆ.

ಹಂತಕ ಒಂದೇ ಒಂದು ಕೊಕ್ಕರೆ. ದಿನಾ ನಸುಕಿನಲ್ಲಿ ಬಂದು ದಡದ ಕಲ್ಲಿನ ಮೇಲೆ ಬಕಧ್ಯಾನಕ್ಕೆ ಕೂರುತ್ತದೆ. ಕ್ಷೌರಿಕರು ಮಾಡದ ಉಪಾಯವಿಲ್ಲ. ಹೊಳಪಿಗೆ ಹೆದರಿ ಓಡಲಿ ಎಂದು ಅಂಗಡಿಯ ಹಳೆಯ ಕನ್ನಡಿಗಳನ್ನು ಕೊಳದ ಸುತ್ತ ನೇತುಹಾಕಿದರು. ಕೊಕ್ಕರೆ ಹೆದರುವುದಿರಲಿ, ಕನ್ನಡಿಯ ಮುಂದೆ ನಿಂತು ರೆಕ್ಕೆ ತೀಡಿಕೊಂಡಿತು! "ನನ್ನಂಗಡಿಗೆ ಬಂದು, ಕನ್ನಡಿ ನೋಡ್ಕೊಂಡು, ತಿಂಡಿ ತಿಂದು ಹೋಯ್ತು ಸಾರ್. ಅದೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ." ಬಲೆ ಹಾಕಿದರೆ ಎಲೆ ಬಿದ್ದು ಜಗ್ಗುತ್ತದೆ, ಜಗ್ಗಿದ ಕಡೆಯೇ ಕೊಕ್ಕು ಇಳಿಯುತ್ತದೆ. ಕೊನೆಗೆ ಪೈಪಕ್ಕನನ್ನು ಕರೆಸಿದರು.

ಕರೆಸಿದ್ದು ಹೋದ ವರ್ಷ. ಮನೆ ಕಟ್ಟಿದ್ದೂ ಆಯಿತು. ಆದರೂ ಮೀನುಗಳು ಹೋದವು. ಇದನ್ನು ಪೈಪಕ್ಕ ಮುಚ್ಚಿಡುವುದಿಲ್ಲ. ಅಂಗಡಿಯ ಹಿಂಬಾಗಿಲಲ್ಲಿ ಸರದಿ ಕಾಯುವವರ ಬೆಂಚಿದೆ. ಅಲ್ಲಿ ಕೂತವರಿಗೆ ಮೀನು ಕಾಣಲೇಬೇಕೆಂದು ಕ್ಷೌರಿಕರು ಪಟ್ಟು ಹಿಡಿದಿದ್ದರು. ಪೈಪಕ್ಕ ಒಪ್ಪಿ, ದಡದ ಹತ್ತಿರವೇ, ಬೆಂಚಿನ ಕಡೆಗೆ ಬಾಯಿ ಮಾಡಿ ಒಂದು ನೇರ ಪೈಪು ಇಟ್ಟರು. ಗಿರಾಕಿಗಳಿಗೆ ಮೀನು ಚೆನ್ನಾಗಿ ಕಂಡವು. ಕೊಕ್ಕರೆಗೂ ಕಂಡವು. ಅದು ಪೈಪಿನ ಬಾಯಿಗೇ ಬಂದು ನಿಂತು, ಹೊರಗೆ ತಲೆ ಹಾಕಿದ್ದನ್ನು ಹಾಕಿದ ಹಾಗೆ ಹೆಕ್ಕಿತು.

"ನಾನು ಮೀನಿಗೆ ಅಂತ ಮನೆ ಕಟ್ಟಲಿಲ್ಲ, ನೋಡೋರಿಗೆ ಅಂತ ಕಟ್ಟಿದೆ," ಎನ್ನುತ್ತಾರೆ ಪೈಪಕ್ಕ. "ಅಣ್ಣ ಕೇಳಿದ್ರು, ನಿಜ. ಆದ್ರೆ ಆಗಲ್ಲ ಅನ್ನೋಕೆ ನನಗೆ ಬಾಯಿ ಇರಲಿಲ್ವಾ? ಅವರನ್ನ ಬೈದು ಏನು ಬಂತು. ಅದಕ್ಕೇ ನಾನೇ ಬಂದು ಬಾಗಿಲು ತಟ್ಟಿದೆ. ಇನ್ನೊಂದು ಸಲ ಕಟ್ತೀನಿ, ಈ ಸಲ ನಾನು ಹೇಳಿದ ಹಾಗೆ ಅಂದೆ."

ಈ ಕೆಲಸದಲ್ಲಿ ಅವರ ಮೊದಲ ಪಾಠವೂ ಸಾವಿನಿಂದಲೇ ಬಂದದ್ದು. ತಮ್ಮ ಹಿತ್ತಲಿನಲ್ಲೇ ಒಂದು ಹಳೆಯ ತೊಟ್ಟಿ ಹೂತು, ನಾಲ್ಕು ಮೀನು ಬಿಟ್ಟು, ಬೆಕ್ಕಿನಿಂದ ಕಾಪಾಡಲೆಂದು ಆಗಷ್ಟೇ ಎರಕದಿಂದ ಬಂದ ಹೊಸ ಪೈಪು ಇಳಿಸಿದ್ದರು. ಬೆಳಗಾಗುವಷ್ಟರಲ್ಲಿ ನಾಲ್ಕೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹಸಿ ಸಿಮೆಂಟಿನ ಸುಣ್ಣ ನೀರಿಗೆ ಬಿಟ್ಟಿತ್ತು. ಆಮೇಲೆ ಪ್ರತಿ ಪೈಪನ್ನೂ ವಾರಗಟ್ಟಲೆ ನೀರಲ್ಲಿ ನೆನೆಸಿ, ನೀರು ಚೆಲ್ಲಿ, ಮತ್ತೆ ತುಂಬಿಸುತ್ತಾರೆ. ಆ ನೀರನ್ನು ಬೆರಳ ನಡುವೆ ತಿಕ್ಕಿದಾಗ ಸೋಪಿನಂತೆ ಜಾರುವುದು ನಿಲ್ಲುವವರೆಗೂ ಪೈಪು ಕೊಳಕ್ಕೆ ಇಳಿಯುವುದಿಲ್ಲ. ಕಾರ್ಖಾನೆಯ ಸಿಮೆಂಟೂ ಈ ತಿಕ್ಕಾಟವೂ ಸೇರಿ ಅವರ ಬೆರಳ ತುದಿಗಳು ಸೀಳು ಬಿಟ್ಟಿವೆ. ರಾತ್ರಿ ಎಣ್ಣೆ ಸವರಿಕೊಂಡು ಮಲಗುತ್ತಾರೆ.

ಮನೆಯಲ್ಲಿ ಹೊಗಳುವವರಿದ್ದಾರೆಯೇ ಎಂದು ಕೇಳಿದರೆ ಪೈಪಕ್ಕನಿಗೆ ನಗು ತಡೆಯಲಾಗುವುದಿಲ್ಲ. "ನಮ್ಮತ್ತೆ ಇದ್ದಾರಲ್ಲ! ನಮ್ಮ ಸೂರು ಸೋರುತ್ತೆ, ಇವಳು ನೀರೊಳಗೆ ಇರೋದಕ್ಕೆ ಸೂರು ಹಾಕ್ತಾಳೆ ಅಂತಾರೆ. ಮೀನಿಗೆ ಈಜೋದನ್ನೂ ಕಲಿಸಿ ಬಾ ಅಂತಾರೆ." ಅಷ್ಟು ಹೇಳುವ ಅತ್ತೆಯೇ ಇವತ್ತು ಎಲ್ಲರಿಗಿಂತ ಮೊದಲು ಎದ್ದು, ಸೊಸೆಗೆ ಬಿಸಿ ಟೀ ಕುಡಿಸಿ ಕಳಿಸಿದ್ದಾರೆ. ಬಾಯಿ ಜೋರು, ಕರುಳು ಮೆತ್ತಗೆ.

ಈ ಸಲದ ಮನೆ ಬೇರೆ ತರಹದ್ದು. ಎರಡು ಪೈಪುಗಳನ್ನು ಮಡಚಿದ ಮೊಣಕೈಯಂತೆ ಕೂಡಿಸಿ, ಕೊಳದ ನಡುವೆ, ಕೊಕ್ಕರೆಯ ಕಾಲಿಗೆ ಎಟುಕದ ಆಳದಲ್ಲಿ ಇಟ್ಟಿದ್ದಾರೆ. ಬಾಗಿಲು ಎರಡು, ಒಂದರ ಮುಂದೆ ಅಪಾಯ ನಿಂತರೆ ಇನ್ನೊಂದರಿಂದ ಓಡಬಹುದು. ಮಧ್ಯದ ತಿರುವಿಗೆ ಬೆಳಕು ತಲುಪುವುದಿಲ್ಲ. ಮೇಲೆ ಅಗಲವಾದ ಚಪ್ಪಡಿ. ಒಳಗಿರುವುದು ಬೆಂಚಿನಿಂದ ಏನೇನೂ ಕಾಣುವುದಿಲ್ಲ. ಕ್ಷೌರಿಕರಿಗೆ ಒಂದೇ ಷರತ್ತು: ಏನೇ ಆದರೂ ಚಪ್ಪಡಿ ಎತ್ತಿ ಇಣುಕಬಾರದು. ಒಮ್ಮೆ ಬೆದರಿಸಿದರೆ ಮೀನು ಮತ್ತೆ ಆ ಮನೆಯನ್ನು ನಂಬುವುದಿಲ್ಲ.

ಪೈಪಕ್ಕ ಬಲೆಯನ್ನು ಪೂರ್ತಿ ಸುತ್ತಿ ತೆಗೆಯುತ್ತಾರೆ. ಅವರು, ಕ್ಷೌರಿಕರು, ಈ ಕೆಲಸ ನೋಡಲೆಂದು ಬಂದ ನಾನು, ಮೂವರೂ ಅಂಗಡಿಯ ಹಿಂಬಾಗಿಲ ಹಿಂದೆ ಸರಿದು, ಸಂದಿಯಲ್ಲಿ ಕಣ್ಣಿಡುತ್ತೇವೆ. ಹೆಚ್ಚು ಹೊತ್ತು ಕಾಯಿಸದೆ ಅತಿಥಿಯ ಆಗಮನವಾಗುತ್ತದೆ. ಗೋಡೆಯಿಂದ ಕಲ್ಲಿಗೆ, ಕಲ್ಲಿನಿಂದ ನೀರಿನಂಚಿಗೆ. ಅದೇ ಹೊತ್ತಿಗೆ ಹರಕುಬಾಲ ಬಯಲಿನಲ್ಲೇ ತೇಲಿಬರುತ್ತದೆ, ತನ್ನಪ್ಪನ ಮನೆ ಅಂಗಳ ಎಂಬಂತೆ. ಕ್ಷೌರಿಕರು ಟವೆಲ್ಲನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. "ಓಡೇ... ಓಡೇ ತಾಯಿ," ಎಂದು ಪೈಪಕ್ಕ ಪಿಸುಗುಟ್ಟುತ್ತಾರೆ. ಕೊಕ್ಕರೆಯ ಕತ್ತು ನಿಧಾನಕ್ಕೆ ಮಡಚಿಕೊಳ್ಳುತ್ತದೆ. ಕೊಕ್ಕು ಬೀಳುತ್ತದೆ, ನೀರು ಚಿಮ್ಮುತ್ತದೆ, ಮೀನು ಕಾಣುವುದಿಲ್ಲ.

ಕೊಕ್ಕಿನಲ್ಲಿ ಏನಾದರೂ ಇತ್ತೇ? ಬೆನ್ನು ನಮ್ಮ ಕಡೆಗಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಕೊಕ್ಕರೆ ಮತ್ತೆ ಧ್ಯಾನಕ್ಕೆ ನಿಲ್ಲುತ್ತದೆ. ನಿಂತೂ ನಿಂತೂ, ಕೊನೆಗೆ ರೆಕ್ಕೆ ಬಡಿದು ಹಾರಿಹೋಗುತ್ತದೆ. ಕ್ಷೌರಿಕರು ಓಡಿ ಕೊಳಕ್ಕಿಳಿದವರೇ ಚಪ್ಪಡಿಗೆ ಕೈ ಹಾಕುತ್ತಾರೆ. ಅವರ ಹಿಂದೆಯೇ ಧುಮುಕಿದ ಪೈಪಕ್ಕ ಚಪ್ಪಡಿಯ ಮೇಲೆ ಕಾಲಿಟ್ಟು ನಿಲ್ಲುತ್ತಾರೆ.

"ಒಂದ್ಸಲ ನೋಡ್ತೀನಿ, ಬಿಡಮ್ಮಾ! ಇದೆಯೋ ಹೋಯ್ತೋ?"

"ಬಿಡಲ್ಲಣ್ಣಾ. ಹೋದ ವರ್ಷ ಬಿಟ್ಟೆ, ಈ ವರ್ಷ ಬಿಡಲ್ಲ."

ಕ್ಷೌರಿಕರ ಕಣ್ಣಲ್ಲಿ ನೀರಾಡುತ್ತದೆ. ಪೈಪಕ್ಕನ ಕಣ್ಣೂ ಒದ್ದೆಯೇ. ಕಾಲು ಮಾತ್ರ ಕದಲುವುದಿಲ್ಲ. ಕೊನೆಗೆ ಇಬ್ಬರೂ ಮೇಲೆ ಬಂದು, ಒದ್ದೆ ಬಟ್ಟೆಯಲ್ಲೇ ಬೆಂಚಿನ ಮೇಲೆ ಕೂರುತ್ತಾರೆ. ಕೆದರಿದ ಕೆಸರು ತಿಳಿಯಾಗುತ್ತಾ ಬರುತ್ತದೆ. ಬಿಸಿಲು ನೀರಿಗೆ ಇಳಿಯುವ ಹೊತ್ತಿಗೆ, ನಾವು ನೋಡುತ್ತಿದ್ದ ಪೈಪಿನ ಬಾಗಿಲಿನಲ್ಲಲ್ಲ, ಆಚೆಯ ಬಾಗಿಲಿನ ಕಡೆ, ಚಪ್ಪಡಿಯ ಅಂಚಿನಿಂದ ಹರಿದ ಬಾಲದ ತುದಿಯೊಂದು ಹೊರಬರುತ್ತದೆ. ಪಕ್ಕದಲ್ಲೇ ಮರಿಯ ಮೂತಿ. ಎರಡೂ ಒಮ್ಮೆ ಕಂಡು ಮತ್ತೆ ಒಳಗೆ ಹೋಗುತ್ತವೆ. ಕ್ಷೌರಿಕರು ಮುಖವನ್ನೆಲ್ಲ ಟವೆಲ್ಲಿನಲ್ಲಿ ಮುಚ್ಚಿಕೊಂಡು ಅಳುತ್ತಾರೆ.

ಅಂಗಡಿ ತೆರೆದು ಮೊದಲ ಗಿರಾಕಿ ಬಂದು ಬೆಂಚಿನಲ್ಲಿ ಕೂರುತ್ತಾನೆ. "ಏನಣ್ಣಾ, ಕೊಳ ಖಾಲಿ ಮಾಡಿಬಿಟ್ರಾ?"

"ಹೂಂ, ಖಾಲಿ," ಎನ್ನುತ್ತಾರೆ ಕ್ಷೌರಿಕರು, ಕತ್ತರಿ ಝಳಪಿಸುತ್ತಾ. "ದಾರೀಲಿ ಕೊಕ್ಕರೆ ಸಿಕ್ಕಿದ್ರೆ ನೀನೂ ಹಾಗೇ ಹೇಳು."

ಪೈಪಕ್ಕ ಆಗಲೇ ಕೈಗಾಡಿಗೆ ಬಲೆ ಹೇರಿ, ಕಾರ್ಖಾನೆಗೆ ತಡವಾಯಿತೆಂದು ಗಡಿಬಿಡಿಯಲ್ಲಿದ್ದಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಗಾಡಿಯ ಹಿಡಿಯನ್ನು ಬಿಡದೆ ಒಂದು ಕ್ಷಣ ಕೊಳದ ಕಡೆ ತಿರುಗುತ್ತಾರೆ.

"ಹರಕುಬಾಲ ಮುದುಕಿ ಆಗ್ಬೇಕು. ಮೀನಿಗೆ ಮಂಡಿ ಇಲ್ಲ, ಇದ್ದಿದ್ರೆ ಮಂಡಿನೋವು ಬರೋವಷ್ಟು ವರ್ಷ ಬದುಕ್ಬೇಕು. ಇನ್ಮೇಲೆ ಈ ಕೊಳದಲ್ಲಿ ಯಾರೇ ಸತ್ರೂ ವಯಸ್ಸಾಗೇ ಸಾಯ್ಲಿ."