ಖಾಜಾ ಚಾಚಾ ಮತ್ತು ಎದೆಯೊಳಗಿನ ಮಷೀನು

ಖಾಜಾ ಚಾಚಾ ನಡೆದು ಬರುವುದನ್ನು ಮೊದಲ ಸಲ ನೋಡಿದವರಿಗೆ, ಇವರಿಗೆ ಕಣ್ಣು ಮಂಜಾಗಿರಬೇಕು ಎನಿಸುತ್ತಿತ್ತು. ಮಸೀದಿಯಿಂದ ನೆಟ್ಟಗೆ ಹೊರಟವರು, ಟ್ರಾನ್ಸ್‌ಫಾರ್ಮರ್ ಕೂರಿಸಿದ ಕಂಬ ಇನ್ನೂ ದೂರವಿರುವಾಗಲೇ ರಸ್ತೆಯ ಆಚೆ ದಾಟುತ್ತಿದ್ದರು. ಬಲ ಅಂಗೈಯನ್ನು ಎಡ ಎದೆಯ ಮೇಲೆ ಒತ್ತಿ ಹಿಡಿದು, ಎದುರು ಮನೆಗಳ ಗೋಡೆಗೆ ಅಂಗಿ ತಾಗುವಷ್ಟು ಸರಿದು ನಡೆಯುತ್ತಿದ್ದರು. ಕಂಬ ಹಿಂದಾದ ಮೇಲೆಯೇ ಆ ಕೈ ಕೆಳಗಿಳಿಯುತ್ತಿತ್ತು.

ಅತನೂರಿನಲ್ಲಿ ಅವರದು ಹಿಟ್ಟಿನ ಗಿರಣಿ. ನನ್ನ ಹೊಲಿಗೆ ಅಂಗಡಿಯ ಎದುರಿಗೇ. ರೆಪ್ಪೆಯ ಮೇಲೂ ಜೋಳದ ಹಿಟ್ಟು ಕೂತಿರುತ್ತಿದ್ದ ಆ ಮನುಷ್ಯನಿಗೆ ಕಿವಿ ಮಾತ್ರ ಬಲು ಚುರುಕು. ಕಲ್ಲು ಸವೆದಿದೆಯೋ, ಬೆಲ್ಟು ಸಡಿಲಾಗಿದೆಯೋ ಎಂಬುದನ್ನು ಸಪ್ಪಳದಲ್ಲೇ ಹೇಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಎರಡು ಸಲ ತಲೆ ತಿರುಗಿ ಬಿದ್ದರು. ಕಲಬುರಗಿಯ ದವಾಖಾನೆಯಲ್ಲಿ, ಹೃದಯದ ಬಡಿತ ತೀರ ನಿಧಾನವಾಗಿದೆ ಎಂದು ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಇಟ್ಟು ಕಳಿಸಿದರು. ಕಳಿಸುವಾಗ ಡಾಕ್ಟರರು, ನಡೆಯುವ ದೊಡ್ಡ ಮೋಟಾರಿನ ಮೇಲೆ ಬಗ್ಗಬೇಡಿ, ಒಂದು ಕೈ ದೂರವಿರಿ ಎಂದಿದ್ದರು.

ಒಂದು ಕೈ ಎಂದದ್ದು ಚಾಚಾನ ಕಿವಿಗೆ ಇಪ್ಪತ್ತು ಹೆಜ್ಜೆಯಾಗಿ ಕೇಳಿಸಿತೋ ಏನೋ, ತಮ್ಮ ಗಿರಣಿಯ ಹೊಸ್ತಿಲನ್ನೇ ಅವರು ತುಳಿಯದಾದರು. ಅವರ ಹೆಂಡತಿ ಹಲೀಮಾ ಚಾಚಿ ಗಿರಣಿ ನಡೆಸತೊಡಗಿದರು. ಚಾಚಾ ನನ್ನ ಅಂಗಡಿಯ ಮುಂದಿನ ಬೇವಿನ ನೆರಳಿಗೆ ಖುರ್ಚಿ ಹಾಕಿಸಿಕೊಂಡು, ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು: "ಬೇಗಂ, ಕಲ್ಲು ಬಿಗಿ ಆಗ್ಯಾವ, ಹಿಟ್ಟು ಸುಡತದ ನೋಡು."

ಮೊದಲ ದಿನ ಖುರ್ಚಿಯಲ್ಲಿ ಕೂಡುವ ಮುಂಚೆ ನನ್ನ ಹೊಲಿಗೆ ಮಷೀನನ್ನು ದಿಟ್ಟಿಸಿದರು.

"ಸುವರ್ಣಾ, ಇದಕ್ಕೂ ಮೋಟಾರ್ ಅದ ಏನು ಬೇಟಿ?"

"ಸಣ್ಣದದ ಚಾಚಾ. ಅದೇನು ಮಾಡ್ತದ?"

"ಸಣ್ಣದೋ ದೊಡ್ಡದೋ, ಕರೆಂಟ್ ಕರೆಂಟೇ ಅಲ್ಲೇನು? ಇರಲಿ, ನಾ ಅತ್ತಾಗ ಕುಂದರ್ತೇನಿ."

ಅತ್ತ ಬರೀ ಬಿಸಿಲು. ನಾನು ಅಂದೇ ಮೋಟಾರು ಬಿಚ್ಚಿಟ್ಟು ಕಾಲಿನಿಂದ ತುಳಿದು ಹೊಲಿಯತೊಡಗಿದೆ.

ಅವರ ಅಂಜಿಕೆಯನ್ನು ಕಂಡು ಓಣಿಯವರು ನಗುತ್ತಿದ್ದರು. ನಾವೆಲ್ಲ ಜೇವರ್ಗಿಗೆ ಮದುವೆಗೆ ಹೊರಟಾಗ, ದಾರಿಯಲ್ಲಿ ಕರೆಂಟಿನ ದೊಡ್ಡ ಟವರುಗಳ ತಂತಿ ಅಡ್ಡ ಬರುವ ಜಾಗದಲ್ಲಿ ಚಾಚಾ ಬಸ್ಸಿನಿಂದ ಇಳಿಯುತ್ತೇನೆ ಎಂದು ಹಟ ಹಿಡಿದರು. "ಇಳದು ನಡಕೋತ ಹೋದ್ರ ತಂತಿ ಕೆಳಗ ಇನ್ನಾ ಜಾಸ್ತಿ ಹೊತ್ತು ಇರ್ತೀರಿ. ಬಸ್ಸಿನ್ಯಾಗ ಕುಂತ್ರ ಲಗೂ ದಾಟತೀರಿ" ಎಂದು ನಾನು ಹೇಳಿದ ಮೇಲೆ ಕಣ್ಣು ಮುಚ್ಚಿ ಕೂತರು. ನಾನೂ ನಕ್ಕೆ. ಆದರೆ ಅವರ ಹಣೆಯ ಬೆವರು ನೋಡಿ ನಗು ನಿಂತಿತು.

ಅವರ ಮಲಗುವ ಕೋಣೆಯ ಗೋಡೆಗೆ ಹತ್ತಿಯೇ ಆ ಟ್ರಾನ್ಸ್‌ಫಾರ್ಮರ್ ಕಂಬವಿತ್ತು. ಹೊರಸನ್ನು ಮೊದಲು ಈಚೆ ಗೋಡೆಗೆ ಎಳೆದರು, ಆಮೇಲೆ ಪಡಸಾಲೆಗೆ, ಕೊನೆಗೆ ಅಂಗಳಕ್ಕೆ. ಎದೆಯ ಮಷೀನು ತೋರಿಸಲು ಕಲಬುರಗಿಗೆ ಹೋದಾಗ ಆ ಕಂಬದ ಬಗ್ಗೆ ಡಾಕ್ಟರರನ್ನೇ ಕೇಳಿದರಂತೆ. ನಿಮ್ಮ ಮಷೀನಿಗೆ ಅದರಿಂದ ತೊಂದರೆಯಿಲ್ಲ ಎಂದರಂತೆ ಅವರು. ವರ್ಷಗಟ್ಟಲೆ ಅದರ ಹತ್ತಿರ ಇದ್ದವರ ಮೈಗೆ ಏನಾದರೂ ಆಗುತ್ತದೆಯೇ ಎಂದರೆ, ಇಲ್ಲಿಯವರೆಗೆ ಗಟ್ಟಿ ಪುರಾವೆ ಸಿಕ್ಕಿಲ್ಲ ಎಂದೂ ಹೇಳಿದರಂತೆ. ಬಂದವರೇ ನನ್ನ ಮುಂದೆ ಕೂತು, "ಪುರಾವೆ ಸಿಕ್ಕಿಲ್ಲ ಅಂದ್ರು ಬೇಟಿ. ಏನೂ ಆಗಂಗಿಲ್ಲ ಅಂತ ಅನ್ನಲಿಲ್ಲ" ಎಂದರು. ಗೊತ್ತಾಗದಂತೆ ಆ ಅಂಜಿಕೆ ನನಗೂ ಹತ್ತಿಕೊಂಡಿತು. ಅವರು ಸ್ವಲ್ಪ ತೂಕಡಿಸಿದರೂ ಸೂಜಿ ನಿಲ್ಲಿಸಿ, ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ.

ಮುಂದಿನ ಬೇಸಿಗೆಯ ರಮಜಾನಿನ ಕೊನೆಯ ವಾರ. ಹಬ್ಬದ ಬಟ್ಟೆಗಳು ರಾಶಿ ಬಿದ್ದಿದ್ದವು. ತುಳಿದು ತುಳಿದು ನನ್ನ ಕಾಲುಗಳು ಬಾತಿದ್ದವು. ಚಾಚಾ ನಮಾಜಿಗೆ ಹೋದಾಗ ಮೋಟಾರು ತಂದು ಜೋಡಿಸಿದೆ. ತಿರುಗಿ ಬಂದವರು ಎಂದಿನಂತೆ ಖುರ್ಚಿಯಲ್ಲಿ ಕೂತರು. ಗಿರಣಿಯ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಮೋಟಾರು ಕಾಣದಂತೆ ಒಂದು ಲಂಗದ ಬಟ್ಟೆ ಇಳಿಬಿಟ್ಟೆ.

ಮೂರನೆಯ ದಿನ ಮಧ್ಯಾಹ್ನ ಅವರು ಖುರ್ಚಿಯಿಂದ ಏಳಲು ಹೋಗಿ, ನನ್ನ ಹೊಸ್ತಿಲ ಮೇಲೆಯೇ ಕುಸಿದು ಬಿದ್ದರು.

ನನ್ನ ಕಾಲು ಇನ್ನೂ ಮಷೀನಿನ ಮೇಲಿತ್ತು, ಮೋಟಾರು ಓಡುತ್ತಲೇ ಇತ್ತು. ಅದನ್ನು ಬಂದ್ ಮಾಡಬೇಕು ಎಂಬುದೂ ಕೆಲಹೊತ್ತು ಹೊಳೆಯಲಿಲ್ಲ. ಚಾಚಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಯಾರೋ ಜೀಪು ತಂದರು. ಕಲಬುರಗಿ ಮುಟ್ಟುವವರೆಗೆ ಚಾಚಾನ ತಲೆ ನನ್ನ ತೊಡೆಯ ಮೇಲಿತ್ತು. ನಾನೇ ಕೊಂದೆ, ನಾನೇ ಕೊಂದೆ ಎಂಬ ಒಂದೇ ಮಾತು ನನ್ನೊಳಗೆ ತಿರುಗುತ್ತಿತ್ತು. ಚಾಚಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಡಾಕ್ಟರರು ಅವರ ಎದೆಯ ಮೇಲೆ ಒಂದು ಚಪ್ಪಟೆ ಡಬ್ಬಿಯಂಥದ್ದನ್ನು ಇಟ್ಟು, ಒಳಗಿನ ಮಷೀನು ಇಷ್ಟು ದಿನ ಏನೇನು ಮಾಡಿದೆ ಎಂದು ಪರದೆಯ ಮೇಲೆ ಓದಿದರು. ಎಲ್ಲಿಯೂ ತಪ್ಪಿರಲಿಲ್ಲ. ಆಮೇಲೆ, ಕಣ್ಣು ಬಿಟ್ಟ ಚಾಚಾನ ಒಣಗಿದ ನಾಲಿಗೆ ನೋಡಿ, "ಖರೇ ಹೇಳ್ರಿ, ರೋಜಾ ಇದ್ದೀರೇನು?" ಎಂದರು.

ಚಾಚಾ ಛಾವಣಿ ನೋಡಿದರು. "ಮೂರೇ ಇದ್ದೇನ್ರಿ."

ಔಷಧ ತೆಗೆದುಕೊಳ್ಳುವವರು ಉಪವಾಸ ಇರಬಾರದು ಎಂದು ಡಾಕ್ಟರರು ಮೊದಲೇ ಹೇಳಿದ್ದರಂತೆ. ಆ ಬಿಸಿಲಿನಲ್ಲಿ ನೀರಿಲ್ಲದೆ ರಕ್ತದ ಒತ್ತಡ ಇಳಿದಿತ್ತು. ನಾನು ಅಳುತ್ತಲೇ ಹೊಲಿಗೆ ಮಷೀನಿನ ಮಾತು ಹೇಳಿಬಿಟ್ಟೆ. ಅಷ್ಟು ದೂರದಿಂದ ಅದು ಏನೂ ಮಾಡುವುದಿಲ್ಲ ಎಂದು ಹೇಳಿ ಅವರು ಮುಂದಿನ ರೋಗಿಯ ಕಡೆ ಹೋದರು.

ಚಾಚಾ ನನ್ನ ಕಡೆ ತಿರುಗಿದರು. "ನಂಗ ಗೊತ್ತಿತ್ತು ಬೇಟಿ. ಮೋಟಾರಿನ ಸಪ್ಪಳ ನನಗ ಗೊತ್ತಾಗಂಗಿಲ್ಲೇನು? ಮೊದಲನೇ ದಿನಾನೇ ಗೊತ್ತಾತು."

"ಮತ್ತ ಯಾಕ ಹೇಳಲಿಲ್ಲ? ಅಂಜಿಕಿ ಬರಲಿಲ್ಲೇನು?"

"ಬಂತು. ಭಾಳ ಬಂತು. ಆದ್ರ ನಿನ್ನ ಕಾಲು ನೋಡಿದ್ನಲ್ಲ."

ಮೂರು ದಿನ ಅವರು ಎದೆ ಹಿಡಿದುಕೊಂಡು, ತಮ್ಮನ್ನು ಕೊಲ್ಲಬಹುದೆಂದು ನಂಬಿದ ಸಪ್ಪಳವನ್ನು ಕೇಳುತ್ತ ನನ್ನ ಮುಂದೆ ಕೂತಿದ್ದರು.

ಮರುವರ್ಷ ಚಾಚಿಗೂ ಚೀಲ ಎತ್ತುವುದು ಆಗದೆ ಗಿರಣಿ ಮಾರಿ, ಇಬ್ಬರೂ ಆಳಂದದ ಮಗಳ ಮನೆಗೆ ಹೋದರು. ಅಲ್ಲಿಯೇ ಒಂದು ಬೆಳಿಗ್ಗೆ ಚಾಚಾ ನಿದ್ದೆಯಿಂದ ಏಳಲಿಲ್ಲ. ಸುದ್ದಿ ತಿಳಿದು ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಚಾಚಿ ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿದರು:

"ಸುವರ್ಣಾ, ಆ ಮಷೀನ್ ಅವರ ಎದ್ಯಾಗೇ ಉಳೀತು. ಹತ್ತು ವರ್ಷ ನಡೀತದ ಅಂದಿದ್ರು ಡಾಕ್ಟರ್. ಇನ್ನಾ ಮೂರೂ ಆಗಿಲ್ಲ. ಮಣ್ಣಾಗೂ ಅದು ಬಡಕೋತಿರ್ತದೇನು?"

ನನಗೆ ಗೊತ್ತಿಲ್ಲ ಚಾಚಿ ಎಂದೆ. ಅವರು ತಲೆಯಾಡಿಸಿದರು. ಹೊರಗೆ ಮಂದಿ ಕರೆಯುತ್ತಿದ್ದರೂ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.