ಅರ್ಧ ನೋಡಿದ ಹೂದೋಟ

ಹುಮನಾಬಾದಿನ ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಇನ್ನೂ ಜೋರಾಗಿಲ್ಲ. ಜನವರಿ ಕೊನೆಯ ಚಳಿ. ಯಾತ್ರಾ ಬಸ್ಸು ನಿಲ್ಲುವ ತಗಡಿನ ಶೆಡ್ಡಿನ ಹಿಂದೆ ಮಾತ್ರ ಬೆಳಕು ಹರಿಯುವ ಮೊದಲೇ ಪಟಪಟ ಸದ್ದು ಶುರುವಾಗಿದೆ. ಸುಮನಬಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ದೊಡ್ಡ ಪರಾತದಲ್ಲಿ ಬಿಸಿನೀರು ಹೊಯ್ದು ನಾದಿದ ಹಿಟ್ಟು, ಪಕ್ಕದಲ್ಲಿ ಮೂರು ಒಲೆ, ಬೆನ್ನ ಹಿಂದೆ ಬಿಳಿ ಬಟ್ಟೆಯ ಮೇಲೆ ಆರಲು ಹರಡಿದ ರೊಟ್ಟಿಗಳು. ಓಣಿಯ ಇಬ್ಬರು ಹೆಂಗಸರು ಹಂಚಿನ ಮುಂದೆ ಕೂತು ಬೇಯಿಸುತ್ತಿದ್ದಾರೆ. ಸುಮನಬಾಯಿಯ ಕೈ ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ.

"ಮೊದಲ ಎರಡು ದಿನ ಬಸ್ನಾಗ ಎಲ್ಲಾರಿಗೂ ಮನಿ ನೆನಪು ಕಾಡತದ್ರಿ. ಆವಾಗ ಏನು ಕೊಟ್ರೂ ಉಣ್ಣಂಗಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ನೋಡ್ರಿ, ಸುಮ್ಮ ಕೂತು ಉಣ್ತಾರ. ಮೂರನೇ ದಿನಕ್ಕ ಮನಿ ಮರೀತಾರ, ಆಮ್ಯಾಲ ಅನ್ನ ಸಾರು ನಡೀತದ."

ಬಸವಕಲ್ಯಾಣದ ಗುರುನಾಥ ಅವರು ನಡೆಸುವ ಈ ಬಸ್ಸು ಪ್ರತಿವರ್ಷ ಈ ಹೊತ್ತಿಗೆ ಕಾಶಿಗೆ ಹೊರಡುತ್ತದೆ. ಕಾಶಿ, ಗಯಾ, ಪ್ರಯಾಗ, ಮಥುರಾ, ಕೊನೆಗೆ ದಿಲ್ಲಿ. ದಿಲ್ಲಿಯಲ್ಲಿ ಕೊನೆಯ ದಿನ ರಾಷ್ಟ್ರಪತಿ ಭವನದ ಹಿಂದಿನ ಹೂದೋಟ. ವಸಂತದಲ್ಲಿ ಕೆಲವೇ ವಾರ ಜನರಿಗೆ ಬಾಗಿಲು ತೆರೆಯುವ ತೋಟ ಅದು. ದೇವರೆಲ್ಲ ಮುಗಿದ ಮೇಲೆ ಹೂವು ನೋಡಿ ಊರಿಗೆ ತಿರುಗಬೇಕು ಎಂಬುದು ಗುರುನಾಥ ಅವರು ಹಾಕಿದ ಪದ್ಧತಿ. ಹಳ್ಳಿಖೇಡ, ಚಿಟಗುಪ್ಪ, ಸುತ್ತಲಿನ ಹಳ್ಳಿಗಳಿಂದ ಬರುವ ಐವತ್ತು ಚಿಲ್ಲರೆ ಜನರಿಗೆ ಒಂದು ತಿಂಗಳ ಹತ್ತಿರ ಎರಡು ಹೊತ್ತಿನ ಊಟ, ಚಹಾ, ನಾಷ್ಟಾ ಎಲ್ಲ ಸುಮನಬಾಯಿಯ ಕೈಯಡುಗೆ. ಬಸ್ಸು ಎಲ್ಲಿ ನಿಂತರೂ ಮೊದಲು ಇಳಿಯುವವರು ಅವರು, ಕೊನೆಗೆ ಹತ್ತುವವರೂ ಅವರೇ.

"ಜನ ಗುಡಿ ಎಲ್ಲೈತಿ ಅಂತ ನೋಡ್ತಾರ. ನಾ ನೀರಿನ ನಳ ಎಲ್ಲೈತಿ ಅಂತ ನೋಡ್ತೀನ್ರಿ" ಎಂದು ನಗುತ್ತಾರೆ. ಗಾಳಿ ಬೀಸಿದರೆ ಸ್ಟೋವಿನ ಸುತ್ತ ಪ್ಲೈವುಡ್ ಹಲಗೆ ನಿಲ್ಲಿಸಬೇಕು. ಮಳೆ ಬಂದರೆ ಬಸ್ಸಿನ ಡಿಕ್ಕಿಯ ಬಾಗಿಲಿನ ಕೆಳಗೇ ಒಗ್ಗರಣೆ. ಚಹಾ ಕುಡಿಯಲು ಬಂದ ಚಾಲಕ ಜಹೀರುದ್ದೀನ್ ಮಾತು ಸೇರಿಸುತ್ತಾರೆ: "ನಾ ಒಂದು ದಿನ ಗಾಡಿ ನಿಲ್ಲಿಸಿದ್ರ ಜನ ಸುಮ್ಮ ಇರ್ತಾರ್ರಿ. ಸುಮನಬಾಯಿ ಒಂದು ಹೊತ್ತು ಒಲಿ ನಿಲ್ಲಿಸಿದ್ರ ಯಾತ್ರಾನೇ ಖತಂ."

ಬಿಸಿಲು ಏರುವ ಹೊತ್ತಿಗೆ ಜನ ಬಂದು ಸೇರುತ್ತಾರೆ. ಟ್ರಂಕು, ಹಾಸಿಗೆ, ಬೀಳ್ಕೊಡಲು ಬಂದ ಮೊಮ್ಮಕ್ಕಳು. ಎಲ್ಲರೂ ಹತ್ತಿ ಕೂತ ಮೇಲೆ ಸುಮನಬಾಯಿ ಕೈ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು, ಬಸ್ಸಿನ ಮುಂಬಾಗಿಲಲ್ಲಿ ಹತ್ತಿ ನಿಲ್ಲುತ್ತಾರೆ.

"ನಮಸ್ಕಾರ್ರಿ ಎಲ್ಲಾರಿಗೂ. ನನ್ನ ಹೆಸರು ಸುಮನಬಾಯಿ. ನಾವು ಬೌದ್ಧರು, ಇದೇ ಹುಮನಾಬಾದ್‌ನವರು. ಈ ಬಸ್ಸಿನ ಅಡಿಗಿ ನಾನೇ ಮಾಡಾಕಿ. ಯಾರಿಗರ ಅಡಚಣಿ ಇದ್ರ ಈಗೇ ಹೇಳ್ರಿ. ಬಸ್ ಇನ್ನಾ ಊರು ಬಿಟ್ಟಿಲ್ಲ."

ಹಿಂದಿನ ಸೀಟಿನ ಮುದುಕರೊಬ್ಬರು "ಬಿಡವ್ವಾ, ನಿನ್ನ ಝುಣಕದ ಸಲುವಾಗೇ ಎರಡನೇ ಸಲ ಬಂದೀನಿ" ಎನ್ನುತ್ತಾರೆ. ಬಸ್ಸು ನಗುತ್ತದೆ. ಸುಮನಬಾಯಿ ನಗುವುದಿಲ್ಲ. ಈ ಮಾತು ಹೇಳುವಾಗ ಅವರಿಗೆ ಪ್ರತಿಸಲವೂ 1998ರ ವಸಂತ ಕಣ್ಣ ಮುಂದೆ ಬರುತ್ತದೆ.

ಅದಕ್ಕೂ ಮೊದಲು ಅವರು ವರ್ಷಕ್ಕೊಮ್ಮೆ ಬುದ್ಧಗಯಾ, ಸಾರನಾಥಕ್ಕೆ ಹೋಗುವ ತಮ್ಮವರ ಬಸ್ಸಿಗೆ ಮಾತ್ರ ಅಡುಗೆಗೆ ಹೋಗುತ್ತಿದ್ದರು. ಉಳಿದ ದಿನ ಹೊಲದ ಕೂಲಿ. ಆ ವರ್ಷ ಗಂಡ ವೈಜಿನಾಥನಿಗೆ ಕಾರ್ಖಾನೆಯ ಕೆಲಸ ತಪ್ಪಿತ್ತು. ಮಗ ಸಂಘರತ್ನ ಶಾಲೆಯಲ್ಲಿದ್ದ. ಅದೇ ಹೊತ್ತಿಗೆ ಕಾಶಿ ಬಸ್ಸಿನ ಅಡುಗೆಯವನು ಹೊರಡುವ ಹಿಂದಿನ ದಿನ ಕೈಕೊಟ್ಟ. ಗುರುನಾಥ ಅವರು ಸಂಜೆ ಓಡಿ ಬಂದು ಸುಮನಬಾಯಿಯ ಬಾಗಿಲಲ್ಲಿ ನಿಂತರು.

"ಬರಬೇಕು ನೀ. ಆದ್ರ ಒಂದು ಮಾತು. ಬಸ್ನಾಗ ಹೆಸರು ಶಕುಂತಲಾಬಾಯಿ ಅಂತ ಹೇಳು. ಯಾವ ಓಣಿ ಅಂತ ಯಾರಿಗೂ ಹೇಳಬ್ಯಾಡ. ಒಂದು ತಿಂಗಳ ಮಾತು."

ವೈಜಿನಾಥ ಹೊಸ್ತಿಲ ಮೇಲಿಂದ ಎದ್ದು ಒಳಗೆ ಹೋದ. "ಹೆಸರು ಇಲ್ಲೇ ಬಿಟ್ಟು ಹೋಗ್ತೀಯೇನು?" ಎಂದಷ್ಟೇ ಕೇಳಿದ. ಸುಮನಬಾಯಿ ಗಂಟು ಕಟ್ಟಿದರು.

ಆ ಬಸ್ಸಿನಲ್ಲಿ ತುಳಜಾಬಾಯಿ ಇದ್ದರು. ಬಸವಕಲ್ಯಾಣದ ಹೊಲಮನೆ ಉಳ್ಳವರು, ವಿಧವೆ, ಅರವತ್ತು ದಾಟಿದವರು, ಮೊಣಕಾಲು ನೋವಿನವರು. ಮಡಿ ಮೈಲಿಗೆಯ ಕಟ್ಟುನಿಟ್ಟು ಬಹಳ. ಮನೆಯಿಂದ ತಂದ ಬುತ್ತಿ ಮುಗಿಯುವ ತನಕ ಬಸ್ಸಿನ ಊಟ ಮುಟ್ಟಲಿಲ್ಲ. ಜಬಲಪುರ ದಾಟಿದ ಮೇಲೆ ಅವರಿಗೆ ಜ್ವರ ಬಂತು. ಶಕುಂತಲಾಬಾಯಿ ಎಂಬ ಅಡುಗೆಯಾಕೆ ಜೋಳದ ನುಚ್ಚಿನ ಗಂಜಿ ಮಾಡಿ, ಮಜ್ಜಿಗೆ ಬೆರೆಸಿ, ಚಮಚದಿಂದ ಕುಡಿಸಿದರು. ರಾತ್ರಿ ಕಾಲು ಒತ್ತಿದರು. ಕಾಶಿ ಮುಟ್ಟುವ ಹೊತ್ತಿಗೆ ಜ್ವರ ಇಳಿದಿತ್ತು, ತುಳಜಾಬಾಯಿ ಬದಲಾಗಿದ್ದರು. ಒಲೆಯ ಪಕ್ಕದಲ್ಲೇ ಚಾಪೆ ಹಾಕಿಸಿಕೊಂಡು ಕೂಡುವರು, ಮೆಂತ್ಯೆಸೊಪ್ಪು ಬಿಡಿಸಿಕೊಡುವರು, ಸೊಸೆ ದೀಪಾಲಿಯ ಮೇಲಿನ ಮುನಿಸನ್ನೂ ಮೊಮ್ಮಗಳು ಶೀತಲಳ ಚೆಲುವನ್ನೂ ಹೇಳುವರು. ಹೊಳೆ ಸ್ನಾನಕ್ಕೆ ಹೋದರೆ ಇವರ ಕೈ ಹಿಡಿದೇ ಮೆಟ್ಟಿಲು ಇಳಿಯುವರು. "ಈಕಿ ನನ್ನ ಮಗಳಿದ್ದಂಗ" ಎಂದು ಬಸ್ಸಿಗೆಲ್ಲ ಹೇಳಿದರು.

"ನಮ್ಮವ್ವ ನಾ ಸಣ್ಣಾಕಿ ಇದ್ದಾಗೇ ಹೋಗ್ಯಾಳ್ರಿ. ಯಾರೂ ನನಗ ಉಂಡಿಯೇನು ಅಂತ ಕೇಳಿದ್ದಿಲ್ಲ. ಅವರು ದಿನಾ ಕೇಳ್ತಿದ್ರು" ಎನ್ನುತ್ತಾರೆ ಸುಮನಬಾಯಿ. "ಒಳಗ ಒಂದು ಮುಳ್ಳು ಇದ್ದೇ ಇತ್ತು. ಇದು ಶಕುಂತಲಾನ ಪಾಲಿಂದು, ನಂದಲ್ಲ ಅಂತ. ಆದ್ರೂ ತಗೊಂಡೆ. ಸಿಹಿ ಇತ್ರಿ ಅದು."

ದಿಲ್ಲಿ ಬಂತು. ಕೊನೆಯ ದಿನ. ಅಡುಗೆಯಾಕೆ ಎಂದಿನಂತೆ ಬಸ್ಸಿನ ಬಳಿ ಉಳಿಯಬೇಕಿತ್ತು, ದಾರಿಯ ಊಟಕ್ಕೆ ಪೂರಿ ಕರಿಯುವುದಿತ್ತು. ತುಳಜಾಬಾಯಿ ಬಿಡಲಿಲ್ಲ. "ಪೂರಿ ಎಲ್ಲಿ ಓಡಿ ಹೋಗ್ತಾವ? ಈಕಿ ಬರಲಿಲ್ಲಂದ್ರ ನಾನೂ ಇಳಿಯಂಗಿಲ್ಲ" ಎಂದು ಸೀಟಿನಲ್ಲೇ ಕೂತರು. ಗುರುನಾಥ ಅವರು ಕೈ ಬೀಸಿ ಹೋಗೆಂದರು.

ತೋಟದ ಹೊರಗೆ ಜನವೋ ಜನ. ಚೀಲ, ಬುತ್ತಿ ಏನೂ ಒಳಗೆ ಬಿಡುವುದಿಲ್ಲ. ಸಾಲು ಹಾವಿನಂತೆ ಹರಿದು ಬಾಗಿಲು ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಒಳಗೆ ಹಗ್ಗ ಕಟ್ಟಿದ ದಾರಿ, ಎರಡೂ ಬದಿ ಹೂವು. ಕೆಂಪು, ಹಳದಿ, ನೇರಳೆ, ಒಂದೊಂದು ಪಾತಿಯೂ ಹೊಸ ಸೀರೆ ಹಾಸಿದ ಹಾಗೆ. ಕಾವಲುಗಾರರು ಸೀಟಿ ಊದುತ್ತ "ಚಲಿಯೇ, ಚಲಿಯೇ" ಎನ್ನುತ್ತಿದ್ದರು. ನಿಲ್ಲಲು ಬಿಡುತ್ತಿರಲಿಲ್ಲ. ಹಿಂದಿನವರ ತಳ್ಳಾಟದಲ್ಲಿ ತುಳಜಾಬಾಯಿ ಇವರ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. ಡೇಲಿಯಾ ಹೂವಿನ ಮುಂದೆ ಮಗುವಿನಂತೆ ಬಾಯಿ ತೆರೆದರು.

"ಅಯ್ಯ, ತಾಟಿನಷ್ಟು ಅದ ನೋಡ ಹೂವಾ!" ಎಂದರು. ಮತ್ತೆ ತಮ್ಮ ಮನಸ್ಸಿನಲ್ಲಿ ಇದ್ದುದನ್ನು ಅಲ್ಲೇ ಆಡಿದರು: "ಶಕುಂತಲಾ, ಮುಂದಿನ ವರ್ಷ ನಮ್ಮ ಶೀತಲ್ ಲಗ್ನ ಮಾಡ್ತೀವಿ. ನೀ ಬರಬೇಕು. ಅಡಿಗಿ ಮಾಡಾಕ ಅಲ್ಲ. ನನ್ನ ಬಾಜೂಕ ಕೂತು ಉಣ್ಣಾಕ."

ಸುಮನಬಾಯಿ ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹಗ್ಗದ ಆಚೆ, ತಿರುಗಿ ಬರುವವರ ಸಾಲಿನಿಂದ ಒಂದು ಕೂಗು ಕೇಳಿತು.

"ಸುಮನಾ! ಏ ಸುಮನಾ! ಜೈ ಭೀಮ್!"

ರತ್ನಮಾಲಾ. ಚಿಕ್ಕಪ್ಪನ ಮಗಳು, ಅದೇ ಓಣಿಯಾಕೆ. ಬುದ್ಧಗಯಾಕ್ಕೆ ಹೋಗಿದ್ದ ಹುಮನಾಬಾದಿನ ಬೌದ್ಧ ಹೆಂಗಸರ ಗುಂಪಿನಲ್ಲಿ ಬಿಳಿ ಸೀರೆ ಉಟ್ಟು, ಊರಿನ ರೈಲು ಹತ್ತುವ ಮೊದಲು ಹೂವು ನೋಡಲು ಬಂದಿದ್ದಳು. ಅಷ್ಟು ದೂರದ ಊರಿನ ಅಷ್ಟು ಜನರ ನಡುವೆ ತನ್ನವಳ ಮುಖ ಕಂಡ ಸಂತೋಷಕ್ಕೆ ಎರಡೂ ಕೈ ಎತ್ತಿ ಕೂಗುತ್ತಿದ್ದಳು.

ಮುಖ ತಿರುಗಿಸಿದ್ದರೆ ಆಗುತ್ತಿತ್ತು. ಜನರ ನೂಕಾಟ ಇಬ್ಬರನ್ನೂ ಎರಡು ದಿಕ್ಕಿಗೆ ಒಯ್ಯುತ್ತಿತ್ತು. ಯಾರೋ ಯಾರನ್ನೋ ಕೂಗಿದರು ಎಂದು ಆಗಿಬಿಡುತ್ತಿತ್ತು. ಆದರೆ ರತ್ನಮಾಲಾಳ ನಗು ನೋಡಿ ಸುಮನಬಾಯಿಗೆ ಹಾಗೆ ಮಾಡಲು ಬರಲಿಲ್ಲ.

"ಜೈ ಭೀಮ್, ರತ್ನಾ" ಎಂದರು. "ಊರಿಗಿ ಹೋಗಿ ನಾ ಆರಾಮ ಅದೀನಿ ಅಂತ ಹೇಳು."

ರತ್ನಮಾಲಾ ಸಾಲಿನೊಂದಿಗೆ ಸಾಗಿಹೋದಳು. ತುಳಜಾಬಾಯಿ ನಿಂತಿದ್ದರು.

"ನಿನ್ನ ಹೆಸರು ಸುಮನಾ ಏನು?"

"ಹೌದ್ರಿ ಬಾಯಾರ."

ತುಳಜಾಬಾಯಿ ಕೈ ಕೊಡವಲಿಲ್ಲ. ಸೆರಗು ಸರಿಮಾಡಿಕೊಳ್ಳುವವರ ಹಾಗೆ ಮೆಲ್ಲಗೆ ಬಿಡಿಸಿಕೊಂಡರು. ಸೆರಗು ಸರಿಯಾದ ಮೇಲೆ ಮತ್ತೆ ಹಿಡಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಲೆ ತಿರುಗುತ್ತಿದೆ, ಬಸ್ಸಿಗೆ ಹೋಗುತ್ತೇನೆ ಎಂದರು. ತೋಟ ಇನ್ನೂ ಅರ್ಧ ಉಳಿದಿತ್ತು. ಕಾರಂಜಿಯ ಕಡೆ ಜನ ಹರಿಯುತ್ತಿದ್ದರು. ಇವರಿಬ್ಬರೇ ಎದುರು ತಿರುಗಿ, ಕಾವಲುಗಾರನ ಬೈಗುಳ ತಿನ್ನುತ್ತ, ಒಬ್ಬರ ಹಿಂದೊಬ್ಬರು ಹೊರಬಂದರು. ತುಳಜಾಬಾಯಿ ಮೊಣಕಾಲು ಹಿಡಿದುಕೊಂಡು ಮುಂದೆ ಮುಂದೆ ನಡೆದರು. ಸುಮನಬಾಯಿ ಹಿಂದೆ. ಬಿದ್ದರೆ ಹಿಡಿಯಬೇಕು, ಹಿಡಿದರೆ ಏನನ್ನುತ್ತಾರೋ ಎಂಬ ಭಯ.

ಅಲ್ಲಿಂದ ಊರು ಮುಟ್ಟುವ ತನಕ ತುಳಜಾಬಾಯಿ ವ್ರತವೆಂದು ಹೇಳಿ ಬಾಳೆಹಣ್ಣಿನಲ್ಲೇ ದಿನ ಕಳೆದರು. ಬಸ್ಸಿನಲ್ಲಿ ಒಬ್ಬರಿಗೂ ವಿಷಯ ಹೇಳಲಿಲ್ಲ. ಉಳಿದವರೆಲ್ಲ ಎಂದಿನಂತೆ ಉಂಡರು, ಎರಡನೇ ಸಲ ಬಡಿಸೆಂದರು.

"ಅದೇ ನೋಡ್ರಿ ನನಗ ಭಾಳ ನೋವಾಗಿದ್ದು" ಎಂದು ಸುಮನಬಾಯಿ ಈಗ ಹೇಳುತ್ತಾರೆ. "ಬಸ್ನಾಗ ಗಲಾಟಿ ಮಾಡಿದ್ರ, ಬೈದಿದ್ರ, ನನಗೂ ಸಿಟ್ಟು ಬರ್ತಿತ್ತು. ಸಿಟ್ಟು ಬಂದ್ರ ಮರಿಯಾಕ ಹಗೂರ ಆಗತದ. ಅವರು ನನ್ನ ಮಾನ ಉಳಿಸಿದ್ರು, ನನ್ನ ಅನ್ನ ಬಿಟ್ರು. ಇದಕ್ಕ ಏನನ್ನಬೇಕ್ರಿ?"

ಬಸವಕಲ್ಯಾಣದಲ್ಲಿ ಇಳಿಯುವಾಗ ತುಳಜಾಬಾಯಿ ಮೆಟ್ಟಿಲ ಮೇಲೆ ನಿಂತು ತಿರುಗಿದರು. "ನಿನ್ನ ಹೆಸರು ಮೊದಲೇ ಹೇಳಬೇಕಿತ್ತು ನೀ" ಎಂದರು.

"ಹೇಳಿದ್ರ ಆ ಗಂಜಿ ಕುಡೀತಿದ್ರೇನ್ರಿ ಬಾಯಾರ?"

ಕರೆದೊಯ್ಯಲು ಬಂದಿದ್ದ ಅವರ ಮಗ ವೀರಭದ್ರ ಟ್ರಂಕು ಇಳಿಸಿಕೊಂಡು ಕರೆದ. ತುಳಜಾಬಾಯಿ ಇಳಿದು ಹೋದರು.

ಮರುದಿನವೇ ಸುಮನಬಾಯಿ ಗುರುನಾಥ ಅವರಿಗೆ ನಡೆದುದನ್ನೆಲ್ಲ ತಿಳಿಸಿ, ಇನ್ನು ಮುಂದೆ ತನ್ನ ಹೆಸರಿನಲ್ಲಿ ಕರೆದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದರು. ಬಸ್ಸು ಖಾಲಿಯಾಗುತ್ತದೆ ಎಂದು ಅವರು ಹೆದರಿದರು. ಎರಡು ವರ್ಷ ಕಾಶಿಗೆ ಬೇರೆಯವರನ್ನು ಒಯ್ದರು. ಉಂಡವರು ದೂರು ಹೇಳಿದರು, ಆ ಶಕುಂತಲಾಬಾಯಿ ಎಲ್ಲಿ ಎಂದು ಕೇಳಿದರು. ಮೂರನೇ ವರ್ಷ ಮಾಲೀಕರು ಮತ್ತೆ ಬಾಗಿಲಿಗೆ ಬಂದರು. ಬಸ್ಸು ಹೊರಡುವ ಮೊದಲು ಎಲ್ಲರಿಗೂ ಹೇಳಿಬಿಡಬೇಕು ಎಂಬ ಸುಮನಬಾಯಿಯ ಷರತ್ತಿಗೆ ಒಪ್ಪಿದರು. ಮೊದಲ ಸಲ ಒಂದು ದಂಪತಿ ಗಂಟು ಇಳಿಸಿಕೊಂಡು ಹೋದರು. ಉಳಿದವರು ಕೂತರು. ಅದಾದ ಮೇಲೆ ಒಂದು ವರ್ಷವೂ ಬಸ್ಸು ಖಾಲಿ ಹೋಗಿಲ್ಲ. ಓದು ಮುಗಿಸಿದ ಸಂಘರತ್ನ ಈಗ ಚಿಟಗುಪ್ಪದಲ್ಲಿ ಶಾಲೆಯ ಮಾಸ್ತರ.

ಶೀತಲಳ ಮದುವೆ ಆಯಿತೆಂದು ಗುರುನಾಥ ಅವರಿಂದ ತಿಳಿಯಿತು. ಕರೆ ಬರಲಿಲ್ಲ.

ಒಮ್ಮೆ ಮಾತ್ರ ತುಳಜಾಬಾಯಿ ಕಣ್ಣಿಗೆ ಬಿದ್ದರು. 2004ರ ಮಾತು, ಬಸವಕಲ್ಯಾಣದ ಬಸ್ ನಿಲ್ದಾಣ. ಸುಮನಬಾಯಿ ಯಾರದೋ ಮನೆಯ ಕಾರ್ಯಕ್ಕೆ ಅಡುಗೆ ಮಾಡಿ ತಿರುಗಿ ಹೊರಟಿದ್ದರು. ಎದುರಿನ ಬಸ್ಸಿನ ಕಿಟಕಿಯಲ್ಲಿ ಆ ಮುಖ. ಬಹಳ ಇಳಿದುಹೋಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದರು. ಬಸ್ಸು ಚಾಲೂ ಆಯಿತು. ತುಳಜಾಬಾಯಿ ಕಿಟಕಿಯ ಸರಳಿನಿಂದ ಕೈ ಹೊರಗೆ ಹಾಕಿ ಎತ್ತಿದರು, "ಸುಮನಾ" ಎಂದರು. ಶಕುಂತಲಾ ಎನ್ನಲಿಲ್ಲ.

"ನಾ ನಿಂತೇ ನಿಂತೆ. ಒಂದು ಕೈಯಾಗ ಚೀಲ ಇತ್ತು. ಇನ್ನೊಂದು ಕೈ ಖಾಲಿನೇ ಇತ್ರಿ" ಎನ್ನುತ್ತ ಸುಮನಬಾಯಿ ಆ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಾರೆ. "ಎತ್ತಲಿಲ್ಲ. ಯಾಕ ಎತ್ತಲಿಲ್ಲ ಅಂತ ಇವತ್ತಿಗೂ ತಿಳಿವಲ್ದು. ಬಸ್ ಹೋದ ಮ್ಯಾಲ ಅಲ್ಲೇ ಕೂತು ಅತ್ತೆ."

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಒಂದು ತಾಸಿನ ದಾರಿಯೂ ಇಲ್ಲ. ತುಳಜಾಬಾಯಿ ಈಗ ಮನೆ ಬಿಟ್ಟು ಹೊರಬರುವುದಿಲ್ಲ, ಕಾಲು ಪೂರ್ತಿ ಸೋತಿವೆ ಎಂದು ಗುರುನಾಥ ಅವರೇ ಹೇಳಿದ್ದಾರೆ. ಹೋಗಿ ನೋಡಬೇಕೆಂದು ಸುಮನಬಾಯಿ ಹೊಸ ಸೀರೆ ಉಟ್ಟು ಹೊರಟಿದ್ದೂ ಉಂಟು, ನಿಲ್ದಾಣದಿಂದ ತಿರುಗಿದ್ದೂ ಉಂಟು. ಆ ಮನೆಯ ಹೊಸ್ತಿಲಲ್ಲಿ ನಿಂತು ಯಾಕೆ ಬಂದೆ ಎಂದು ಕೇಳಿದರೆ ಹೇಳಲು ಮಾತಿಲ್ಲ ಎನ್ನುತ್ತಾರೆ. ದಿಲ್ಲಿಯ ತೋಟಕ್ಕೂ ಮತ್ತೆ ಹೋಗಿಲ್ಲ. ಪ್ರತಿವರ್ಷ ಜನರನ್ನು ಒಳಗೆ ಕಳಿಸಿ ಬಸ್ಸಿನ ನೆರಳಲ್ಲಿ ಪೂರಿ ಕರಿಯುತ್ತಾರೆ.

ಜಹೀರುದ್ದೀನ್ ಹಾರ್ನ್ ಹೊಡೆಯುತ್ತಾರೆ. ರೊಟ್ಟಿಯ ಗಂಟುಗಳು ಡಿಕ್ಕಿ ಸೇರಿವೆ. ಒಲೆಗೆ ನೀರು ಹೊಯ್ದು, ಬೂದಿಯ ಹಬೆಯಿಂದ ಮುಖ ಸರಿಸಿಕೊಂಡು ಸುಮನಬಾಯಿ ಮೇಲೇಳುತ್ತಾರೆ.

"ಈ ಸಲ ತೋಟದ ಒಳಗ ಹೋಗಬೇಕಂತ ಮಾಡೀನ್ರಿ. ಉಳಿದಿದ್ದು ಪೂರಾ ನೋಡಿ ಬರ್ತೀನಿ. ಬಂದು ಬಾಯಾರ ಮನಿಗಿ ಹೋಗಿ, ಆ ಕಡೆ ಇಂಥಿಂಥಾ ಹೂವಾ ಇದ್ವು ಅಂತ ಹೇಳ್ತೀನಿ. ಪಾಪ, ಅವರೂ ಅರ್ಧಾನೇ ನೋಡ್ಯಾರ್ರಿ."