ಕಿನು ಅತ್ತೆ ನುಂಗಿದ ಸಾಲು

ನಮ್ಮ ದ್ವೀಪದ ಚರ್ಚಿನಲ್ಲಿ ಕಿನು ಅತ್ತೆಯ ದನಿಯೇ ಎಲ್ಲರಿಗಿಂತ ದೊಡ್ಡದು. ದೋಣಿಯಲ್ಲಿದ್ದ ಗಂಡನನ್ನು ದಡದಿಂದಲೇ ಊಟಕ್ಕೆ ಕೂಗಿ ಪಳಗಿದ ಗಂಟಲು. ಆ ಗಂಡ, ಸೇಕಿಚಿ ಮಾವ, ಕಡಲಲ್ಲಿ ತೀರಿಹೋದ ಮೇಲೆ ಪ್ರಾರ್ಥನೆಯ ನಡುವೆ ಒಂದು ಕಡೆ ಆ ದನಿ ನಿಂತುಬಿಡುತ್ತಿತ್ತು. ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ’ ಅನ್ನುವಲ್ಲಿ ಅತ್ತೆ ಬಾಯಿ ಮುಚ್ಚಿ ಕಿಟಕಿ ನೋಡುತ್ತಿದ್ದಳು. ಬಣ್ಣದ ಗಾಜಿನ ಕೆಂಪು ಬೆಳಕು ಅವಳ ಬಿಳಿ ಮುಸುಕಿನ ಮೇಲೆ ಹರಿದಾಡುತ್ತಿತ್ತು. ಮುಂದಿನ ಸಾಲಿಗೆ ದನಿ ಮತ್ತೆ ಬಂದು ಸೇರಿಕೊಳ್ಳುತ್ತಿತ್ತು.

“ಯಾಕತ್ತೆ ಬಿಡ್ತೀಯ?” ಅಂತ ಒಮ್ಮೆ ಕೇಳಿದೆ.

“ದೇವರ ಎದುರು ಸುಳ್ಳು ಹೇಳೋಕಾಗುತ್ತೇನೇ ಮಿತ್ಸು?”

ಮಾವ ತೀರಿಹೋದ ಬೆಳಗ್ಗೆ ಅವನ ದೋಣಿಯ ಚುಕ್ಕಾಣಿ ಜೊತೆಗಾರ ತೊರಾಜೊ ಕೈಯಲ್ಲಿತ್ತು. ದೋಣಿ ಬಂಡೆಗೆ ಬಡಿಯಿತು. ತೊರಾಜೊ ಈಜಿ ಬಂದ, ಮಾವ ಬರಲಿಲ್ಲ. ಎರಡು ದಿನ ಬಿಟ್ಟು ಅಲೆಗಳೇ ಅವನನ್ನು ದಡಕ್ಕೆ ತಂದು ಮಲಗಿಸಿದವು. ಚುಕ್ಕಾಣಿ ಹಿಡಿದೇ ತೂಕಡಿಸಿದನಂತೆ ಅಂತ ಊರು ಅಂದಿತು, ತೊರಾಜೊ ಇಲ್ಲವೆನ್ನಲಿಲ್ಲ. ಅಂದಿನಿಂದ ಅವನು ಚರ್ಚಿನೊಳಗೆ ಬರುವುದನ್ನು ಬಿಟ್ಟ. ಪಾದರಕ್ಷೆ ಕಳಚುವ ಮೆಟ್ಟಿಲ ಮೇಲೆ ಕೂತು, ಪ್ರಾರ್ಥನೆ ಕೇಳಿಸಿಕೊಂಡು ಎದ್ದು ಹೋಗುತ್ತಿದ್ದ. ಹಾಗೇ ಕೂದಲು ಬೆಳ್ಳಗಾಯಿತು.

ಒಂದು ಬೇಸಗೆಯ ಮಧ್ಯಾಹ್ನ ಜೋಂಪು ಹತ್ತಿದ ಅತ್ತೆಗೆ ಕನಸು ಬಿತ್ತು. ಕಡಲು ಹಾಲಿನ ಹಾಗೆ ಬೆಳ್ಳಗೆ, ಸದ್ದಿಲ್ಲದೆ ಹೊಸ್ತಿಲವರೆಗೂ ಬಂದಿತ್ತಂತೆ. ಬಾಗಿಲಲ್ಲಿ ಮಾವ. ಮೈಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಚಾಪೆ ಒದ್ದೆಯಾಗುತ್ತಿರಲಿಲ್ಲ. “ತೊರಾ ಊಟ ಮಾಡಿದ್ನಾ?” ಅಂದನಂತೆ, ಅಷ್ಟೇ.

“ಇಷ್ಟು ವರ್ಷಕ್ಕೆ ಬಂದೋರು ನನ್ನ ಸುಖದುಃಖ ಕೇಳಲಿಲ್ಲ ನೋಡೇ, ಅವನ ಊಟ ಕೇಳಿದ್ರು!” ಅತ್ತೆ ಗೊಣಗುತ್ತಲೇ ಗೆಣಸು-ಅಕ್ಕಿ ಕುಟ್ಟಿ ಮಾಡಿದ ಮೋಚಿ ಉಂಡೆ ಸುಟ್ಟು ಬುಟ್ಟಿಗೆ ಹಾಕಿ, ನನ್ನನ್ನೂ ಎಬ್ಬಿಸಿಕೊಂಡು ಹೊರಟಳು.

ತೊರಾಜೊ ಅಂಗಳದಲ್ಲಿ ಬಲೆಗೆ ತೇಪೆ ಹಾಕುತ್ತಿದ್ದ. ದಡಬಡಿಸಿ ಎದ್ದ.

“ಬೈಯೋಕೆ ಬಂದ್ರಾ ಅತ್ತಿಗೆ?”

“ಹೂಂ. ಮೊದ್ಲು ತಿನ್ನು. ಹಸಿದ ಹೊಟ್ಟೆಗೆ ಬೈಗುಳ ದಕ್ಕಲ್ಲ.”

ಅವನು ತಿನ್ನುವುದನ್ನು ನೋಡುತ್ತ ಅತ್ತೆ ಮೆತ್ತಗಾದಳು. “ಕಣ್ಣು ಹತ್ತಿದ್ದಕ್ಕೆ ಎಷ್ಟು ವರ್ಷ ಅಂತ ದ್ವೇಷ ಸಾಧಿಸ್ಲಿ? ಬಿಟ್ಟಿದೀನಿ, ಹೋಗು.”

ತೊರಾಜೊ ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿದ. “ನಾನು ನಿದ್ದೆ ಮಾಡಿರಲಿಲ್ಲ ಅತ್ತಿಗೆ. ಎಚ್ಚರವಾಗೇ ಇದ್ದೆ. ಗಿಡುಗಗಳು ಕಡಲು ದಾಟ್ತಿದ್ವು. ಆಕಾಶಕ್ಕೆ ಆಕಾಶವೇ ಎದ್ದು ಹೊರಟ ಹಾಗೆ. ರೆಕ್ಕೆ ಒಳಗಿಂದ ಎಳೆ ಬಿಸಿಲು ಕಾಣ್ತಿತ್ತು. ಬಾಯಿಬಿಟ್ಕೊಂಡು ನೋಡ್ತಾ ನಿಂತೆ, ಬಂಡೆ ಇರೋದೇ ಮರೆತೆ. ನಿದ್ದೆ ಮಾಡಿದವನನ್ನ ನೀವು ಕ್ಷಮಿಸ್ತಿದೀರಿ. ಅವನು ನಾನಲ್ಲ.”

ಅತ್ತೆ ಬುಟ್ಟಿಯನ್ನು ಅಲ್ಲೇ ಬಿಟ್ಟು ನಡೆದಳು. ಆಮೇಲಿನ ಭಾನುವಾರಗಳಲ್ಲಿ ಪ್ರಾರ್ಥನೆಯ ಒಂದು ಸಾಲೂ ಅವಳ ಬಾಯಿಂದ ಬರಲಿಲ್ಲ.

ಗಿಡುಗಗಳ ಕಾಲ ಬಂತು. ಒಂದು ನಸುಕಿನಲ್ಲಿ ಅತ್ತೆ ನನ್ನ ಕೈಹಿಡಿದು ಗುಡ್ಡ ಹತ್ತಿದಳು. ಮಂಜಿನೊಳಗಿಂದ ಅವು ಒಂದೊಂದೇ ಎದ್ದು, ಸುತ್ತಿ ಸುತ್ತಿ ಮೇಲೇರಿ, ಪಡುವಣಕ್ಕೆ ತೇಲಿಹೋದವು. ಭೂಮಿಯೇ ಹಗುರಾಗಿ ಅವುಗಳ ಹಿಂದೆ ಹೊರಟಂತೆ ನನಗೆ ತಲೆ ಸುತ್ತಿತು. ಬಿಸಿಲೇರುವವರೆಗೂ ಅತ್ತೆ ಕತ್ತು ಇಳಿಸಲಿಲ್ಲ. ಅಲ್ಲಿಂದ ನೆಟ್ಟಗೆ ತೊರಾಜೊ ಮನೆಗೆ ಇಳಿದಳು.

“ಅವತ್ತು ನಮ್ಮವರೂ ನೋಡಿದ್ರಾ?”

“ನಾನೇ ಕೂಗಿ ತೋರಿಸ್ದೆ. ಬಲೆ ಬಿಟ್ಟು ನೋಡಿದ್ರು. ನಕ್ರು.”

ಅತ್ತೆ ಜಗಲಿಯ ಮೇಲೆ ಕುಸಿದು ಕೂತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, “ಸಿಟ್ಟು ಹೋಯ್ತು ಅನ್ಕೋಬೇಡ. ನಾಳೆ ಮತ್ತೆ ಬಂದ್ರೂ ಬರುತ್ತೆ. ಬಂದ್ರೆ ಮತ್ತೆ ಕ್ಷಮಿಸ್ತೀನಿ. ಭಾನುವಾರ ಒಳಗೆ ಬಾ, ಆ ಮೆಟ್ಟಿಲು ಸವೆದಿದ್ದು ಸಾಕು,” ಅಂದಳು.

ಅವನು ಬಂದ. ಆ ಸಾಲು ಬಂದಾಗ ಅತ್ತೆಯ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ.

ಸಿಟ್ಟು ನಿಜಕ್ಕೂ ಆಗಾಗ ಬರುತ್ತಿತ್ತು. ಆಗೆಲ್ಲ ಅವನ ಬೇಲಿಯಾಚೆ ನಿಂತು ಕೂಗಾಡಿ, ತಂದ ಪಲ್ಯ ಕೊಟ್ಟು ಬರುತ್ತಿದ್ದಳು. ಅವನ ಕೊನೆಗಾಲದಲ್ಲಿ ಗಂಜಿ ಕುಡಿಸಿದ್ದೂ ಅವಳೇ. ಸತ್ತಾಗ ಎಲ್ಲಿ ಹೂಳೋಣ ಅಂತ ಹಿರಿಯರು ಕೇಳಿದರು.

“ನಮ್ಮವರ ಪಕ್ಕ. ಅವರಿಗೂ ಮಾತಿಗೊಂದು ಜೊತೆ ಬೇಡವಾ?” ಅಂದಳು ಅತ್ತೆ.

ಮಣ್ಣು ಮಾಡಿ ಬಂದವಳು ಬಾಗಿಲನ್ನೂ ಹಾಕಿಕೊಳ್ಳದೆ, ಕಡಲಗಾಳಿಗೆ ಮುಖವೊಡ್ಡಿ, ಸಂಜೆಯವರೆಗೂ ಮಲಗಿ ನಿದ್ರಿಸಿದಳು.